ಕಪ್ಪು ಕಲಾವಿದರಿಗೆ ಬೇರೆ ಮನೆ ಬೇಕಾ?

1968ರ ಸೆಪ್ಟೆಂಬರ್. ನ್ಯೂಯಾರ್ಕಿನಲ್ಲಿ ಕಪ್ಪು ಜನರ ಬಡಾವಣೆಯಾದ ಹಾರ್ಲೆಮ್‌ನಲ್ಲಿ, ಫಿಫ್ತ್ ಅವೆನ್ಯೂದ ಒಂದು ಬಾಡಿಗೆ ಮಹಡಿಯಲ್ಲಿ ಹೊಸ ಮ್ಯೂಸಿಯಂ ಶುರುವಾಯಿತು. ಹೆಸರು ಸ್ಟುಡಿಯೋ ಮ್ಯೂಸಿಯಂ. ಕಪ್ಪು ಕಲಾವಿದರ ಕೆಲಸಕ್ಕೆಂದೇ ಮಾಡಿದ ಜಾಗ. ಮೊದಲ ಪ್ರದರ್ಶನ ಟಾಮ್ ಲಾಯ್ಡ್ ಎಂಬವರದ್ದು. ಆಸೆಯಿಂದ ಬಂದವರಿಗೆ ಕಂಡದ್ದು ಅಲ್ಯೂಮಿನಿಯಂ ಚೌಕಟ್ಟು, ಅದರೊಳಗೆ ಸಾಲು ಬಲ್ಬು, ಬಲ್ಬಿನ ಮೇಲೆ ಕಾರಿನ ಹಿಂದಿನ ದೀಪಕ್ಕೆ ಹಾಕುವಂಥ ಪ್ಲಾಸ್ಟಿಕ್ ಮುಚ್ಚಳ. ಬಣ್ಣದ ಬೆಳಕು ಹತ್ತುತ್ತದೆ, ಆರುತ್ತದೆ, ಮತ್ತೆ ಹತ್ತುತ್ತದೆ. ಒಂದು ಮುಖ ಇಲ್ಲ, ಒಂದು ಬೀದಿ ಇಲ್ಲ. ಕೆಲವರಿಗೆ ಸಿಟ್ಟೇ ಬಂತು. ನಮ್ಮ ಮ್ಯೂಸಿಯಂ ಅಂತೀರಿ, ಇದರಲ್ಲಿ ನಮ್ಮದೇನಿದೆ?

57 ವರ್ಷ ಕಳೆದು, 2025ರ ನವೆಂಬರ್‌ನಲ್ಲಿ, ಅದೇ ಮ್ಯೂಸಿಯಂ 125ನೇ ಬೀದಿಯಲ್ಲಿ ಹೊಸ ಕಟ್ಟಡದ ಬಾಗಿಲು ತೆರೆಯಿತು. ಒಳಗೆ ಮತ್ತೆ ಅದೇ ಟಾಮ್ ಲಾಯ್ಡ್, ಅದೇ ಬಲ್ಬುಗಳು.

ಕಪ್ಪು ಕಲಾವಿದರಿಗೆ ಅಂತಲೇ ಬೇರೆ ಮ್ಯೂಸಿಯಂ, ಬೇರೆ ಪ್ರದರ್ಶನ ಇರಬೇಕಾ ಅನ್ನುವ ಜಗಳ ಈ ಎರಡು ದಿನಗಳ ನಡುವೆ ನಿಂತೇ ಇಲ್ಲ. ಇಲ್ಲಿ ಎರಡೂ ಕಡೆಯ ವಕೀಲಿಕೆ ನನ್ನದೇ. ನನ್ನ ಮನಸ್ಸು ಯಾವ ಕಡೆ ಜಾಸ್ತಿ ವಾಲುತ್ತದೆ ಅಂತ ಮುಚ್ಚಿಡುವ ಉದ್ದೇಶವೂ ಇಲ್ಲ.

ಪರ: ನಡುಮನೆಗೆ ಕರೆಯದಿದ್ದರೆ ಬೇರೆ ಮನೆಯೇ ಸರಿ

ಯಾರೂ ಶೋಕಿಗೆ ಬೇರೆ ಮನೆ ಮಾಡುವುದಿಲ್ಲ. ಇದ್ದ ಮನೆಯಲ್ಲಿ ಏನಾಯಿತು ಅಂತ ಮೊದಲು ಕೇಳಬೇಕು.

1969ರ ಜನವರಿಯಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಹಾರ್ಲೆಮ್ ಬಗ್ಗೆ ಒಂದು ಭಾರಿ ಪ್ರದರ್ಶನ ಇಟ್ಟಿತು. ಗೋಡೆ ತುಂಬ ಫೋಟೋ, ಜೊತೆಗೆ ಧ್ವನಿಮುದ್ರಣ. ಆದರೆ ಹಾರ್ಲೆಮ್‌ನ ಒಬ್ಬ ಚಿತ್ರಕಾರನ ಒಂದು ಚಿತ್ರ ಇಲ್ಲ, ಒಂದು ಶಿಲ್ಪ ಇಲ್ಲ. ಜೇಕಬ್ ಲಾರೆನ್ಸ್, ರೊಮೇರ್ ಬಿಯರ್ಡನ್ ಅಷ್ಟೊತ್ತಿಗೆ ಹೆಸರು ಮಾಡಿದವರು, ಕೂಗಿದರೆ ಕೇಳುವಷ್ಟು ಹತ್ತಿರ ಇದ್ದವರು. ಊರಿನ ಬಗ್ಗೆ ನಾಟಕ ಆಡಿ, ಊರಿನ ನಟರನ್ನು ಪ್ರೇಕ್ಷಕರ ಸಾಲಲ್ಲಿ ಕೂರಿಸಿದ ಹಾಗೆ ಇದು. ಚಿತ್ರಕಾರ ಬೆನ್ನಿ ಆಂಡ್ರ್ಯೂಸ್ ಮತ್ತು ಗೆಳೆಯರು ಬೋರ್ಡು ಹಿಡಿದು ಬಾಗಿಲಲ್ಲಿ ನಿಂತರು.

ಆ ಗಲಾಟೆಯ ಬಿಸಿ ನ್ಯೂಯಾರ್ಕಿನದೇ ವಿಟ್ನಿ ಮ್ಯೂಸಿಯಂಗೂ ತಟ್ಟಿತು. ಕಪ್ಪು ಕಲಾವಿದರದ್ದೇ ಒಂದು ದೊಡ್ಡ ಪ್ರದರ್ಶನ ಮಾಡುತ್ತೇವೆ ಅಂದರು, 1971ರಲ್ಲಿ ಮಾಡಿದರು ಕೂಡ. ಆದರೆ ಆರಿಸಿದ 75 ಕಲಾವಿದರಲ್ಲಿ 15 ಮಂದಿ ತಮ್ಮ ಕೆಲಸ ವಾಪಸ್ ತಗೊಂಡರು. ಯಾಕೆ? ಹೋರಾಟದವರು ಕೇಳಿದ್ದು ಗೋಡೆ ಒಂದನ್ನೇ ಆಗಿರಲಿಲ್ಲ. ಆರಿಸುವಾಗ ಕಪ್ಪು ಕಲೆ ಬಲ್ಲ ಕಪ್ಪು ಕ್ಯುರೇಟರ್ ಒಬ್ಬರು ಇರಲಿ ಅಂತ ಕೇಳಿದ್ದರು. ಮ್ಯೂಸಿಯಂ ಆ ಕೆಲಸವನ್ನು ತನ್ನ ಬಿಳಿಯ ಕ್ಯುರೇಟರ್ ಕೈಗೇ ಕೊಟ್ಟಿತು. ಬಡಿಸೋರು ನಮ್ಮವರಾದರೆ ಕೊನೇ ಪಂಕ್ತಿಯಾದರೇನು ಅಂತ ನಮ್ಮಲ್ಲಿ ಗಾದೆ ಇದೆ. (ಗಾದೆಗೆ ಸ್ವಲ್ಪ ಸ್ವಜನಪಕ್ಷಪಾತದ ವಾಸನೆ ಇದೆ, ಇರಲಿ.) ಸೌಟು ಯಾರ ಕೈಯಲ್ಲಿದೆ ಅನ್ನುವುದು ದೊಡ್ಡ ವಿಷಯ ಅಂತ ಪಂಕ್ತಿಯಲ್ಲಿ ಕೂತವರಿಗೇ ಮೊದಲು ಗೊತ್ತಾಗುತ್ತದೆ.

ಸೌಟು ಕೈ ಬದಲಾದರೆ ಏನಾಗುತ್ತದೆ? ಒಂದು ಚಿತ್ರ ನೋಡೋಣ. ಫ್ರೆಂಚ್ ಚಿತ್ರಕಾರ ಎದುವಾರ್ ಮಾನೆಯ ‘ಒಲಿಂಪಿಯಾ’, 1863ರದ್ದು. ಮಂಚದ ಮೇಲೆ ಬೆತ್ತಲೆ ಮಲಗಿದ ಬಿಳಿ ಹೆಂಗಸು, ನೇರ ನಮ್ಮನ್ನೇ ನೋಡುತ್ತಾಳೆ. ಅವಳ ಹಿಂದೆ ಕಪ್ಪು ಹೆಂಗಸೊಬ್ಬಳು ಹೂವಿನ ಗೊಂಚಲು ಹಿಡಿದು ಬಾಗಿ ನಿಂತಿದ್ದಾಳೆ. ಕ್ಯಾನ್ವಾಸಿನ ಬಲಭಾಗ ಪೂರ್ತಿ ಅವಳದ್ದೇ. ಆದರೂ ನೂರಕ್ಕೂ ಜಾಸ್ತಿ ವರ್ಷ ಪುಸ್ತಕಗಳು, ಪಾಠಗಳು ಮಲಗಿದವಳ ಬಗ್ಗೆಯೇ ಮಾತಾಡಿದವು. ನಿಂತವಳು ‘ಕೆಲಸದವಳು’, ಅಷ್ಟೇ. ಡೆನೀಸ್ ಮರೆಲ್ ಎಂಬ ಕಪ್ಪು ಸಂಶೋಧಕಿ ಅವಳನ್ನೇ ಹಿಡಿದು ಹೊರಟರು. ಚಿತ್ರಕಾರ ಮಾನೆಯ ಜೇಬುಪುಸ್ತಕದಲ್ಲಿ ಒಂದು ಸಾಲು ಇದೆ: ಲೋರ್, ತುಂಬಾ ಚಂದದ ಕಪ್ಪು ಹೆಂಗಸು, ವಿಂಟಿಮಿಲ್ ಬೀದಿ, 11ನೇ ನಂಬರ್, ಮೂರನೇ ಮಹಡಿ. ಹೆಸರು, ಬೀದಿ, ಮನೆ ನಂಬರ್, ಮಹಡಿ. ಕೊರಿಯರ್ ಹುಡುಗ ಹುಡುಕಿಕೊಂಡು ಹೋಗಬಹುದಾದಷ್ಟು ವಿಳಾಸ! ಮರೆಲ್ ಅವರ ಪ್ರದರ್ಶನ 2018ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಗ್ಯಾಲರಿಯಲ್ಲಿ ಶುರುವಾಯಿತು. ಮುಂದಿನ ವರ್ಷ ಪ್ಯಾರಿಸ್ಸಿನ ಒರ್ಸೆ ಮ್ಯೂಸಿಯಂನಲ್ಲಿ ಇನ್ನೂ ದೊಡ್ಡದಾಗಿ ನಡೆಯಿತು. ಅಲ್ಲಿ, 1800ರಲ್ಲಿ ಬೆನ್ವಾ ಎಂಬ ಕಲಾವಿದೆ ಬರೆದ ‘ನೀಗ್ರೋ ಹೆಂಗಸಿನ ಭಾವಚಿತ್ರ’ದ ಚೀಟಿಯನ್ನು ‘ಮ್ಯಾಡ್ಲೆನ್‌ಳ ಭಾವಚಿತ್ರ’ ಅಂತ ಬದಲಾಯಿಸಿದರು. ಬಣ್ಣ ಒಂದು ಹನಿ ಬದಲಾಗಿಲ್ಲ. ಆದರೆ ಹೆಸರು ಗೊತ್ತಾದ ಮನುಷ್ಯರನ್ನು ನಾವು ಬೇರೆ ಥರ ನೋಡುತ್ತೇವೆ, ಅಲ್ವಾ? ಇದೇ ಮರೆಲ್ 2024ರಲ್ಲಿ ಅದೇ ಮೆಟ್ರೊಪಾಲಿಟನ್‌ನಲ್ಲಿ ಹಾರ್ಲೆಮ್ ರಿನೈಸಾನ್ಸ್ (1920ರ ದಶಕದ ಕಪ್ಪು ಕಲೆ, ಸಾಹಿತ್ಯದ ಚಳವಳಿ) ಬಗ್ಗೆ ಪ್ರದರ್ಶನ ಮಾಡಿದರು. ಈ ಸಲ ಗೋಡೆ ತುಂಬ ಚಿತ್ರಗಳಿದ್ದವು. ಮಧ್ಯೆ 55 ವರ್ಷ.

ಲಂಡನ್ನಿನ ಕಥೆಯೂ ಇದೇ. 1985ರಲ್ಲಿ ಕಲಾವಿದೆ ಲುಬೈನಾ ಹಿಮಿಡ್ 11 ಜನ ಕಪ್ಪು ಮತ್ತು ಏಷ್ಯನ್ ಕಲಾವಿದೆಯರ ಕೆಲಸ ಸೇರಿಸಿ ಪ್ರದರ್ಶನ ಮಾಡಿದರು. ಐಸಿಎ ಎಂಬ ಸಮಕಾಲೀನ ಕಲಾ ಸಂಸ್ಥೆ ಕೊಟ್ಟ ಜಾಗ ಓಡಾಡುವ ಪಡಸಾಲೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಜಗಲಿ, ಒಳಗೆ ಕರೆಯಲಿಲ್ಲ. ಆ ಪಡಸಾಲೆಯಲ್ಲಿ ಶಾಂತಿನಿಕೇತನದಲ್ಲಿ ಹುಟ್ಟಿದ ಸುತಪಾ ಬಿಸ್ವಾಸ್ ಅವರ ಕಾಳಿ ಇದ್ದಳು. ಕೆಂಪು ನಾಲಿಗೆ, ಒಂದು ಕೈಯಲ್ಲಿ ಎತ್ತಿದ ಕತ್ತಿ, ಇನ್ನೊಂದರಲ್ಲಿ ಹೂವು, ಕೊರಳಲ್ಲಿ ಬಿಳಿ ಗಂಡಸರ ತಲೆಗಳ ಹಾರ. ಚಿತ್ರದ ಹೆಸರಿನ ಪ್ರಕಾರ ಅವಳೊಬ್ಬ ಗೃಹಿಣಿ. ಆಗಿನ ಬ್ರಿಟನ್ನಿನಲ್ಲಿ ‘ಕಪ್ಪು’ ಅನ್ನುವ ಮಾತಿನೊಳಗೆ ನಮ್ಮವರೂ ಬರುತ್ತಿದ್ದರು, ಅದನ್ನು ಮರೆಯಬಾರದು. ಪಡಸಾಲೆಯ ಹಿಮಿಡ್‌ಗೆ ಬ್ರಿಟನ್ನಿನ ದೊಡ್ಡ ಕಲಾ ಪ್ರಶಸ್ತಿಯಾದ ಟರ್ನರ್ ಬಂದದ್ದು 2017ರಲ್ಲಿ, 63ನೇ ವಯಸ್ಸಿಗೆ. ಆ ಪ್ರಶಸ್ತಿ ಪಡೆದ ಮೊದಲ ಕಪ್ಪು ಹೆಂಗಸು ಅವರು.

ಈಗ ಕಾಲ ಬದಲಾಗಿದೆ, ಇನ್ಯಾಕೆ ಬೇರೆ ಮನೆ ಅನ್ನುವವರಿಗೆ ಒಂದು ಲೆಕ್ಕ. 2008ರಿಂದ 2020ರವರೆಗೆ ಅಮೆರಿಕದ 31 ಮ್ಯೂಸಿಯಂಗಳು ಸಂಗ್ರಹಕ್ಕೆ ಸೇರಿಸಿಕೊಂಡ ಕೃತಿಗಳಲ್ಲಿ ಅಮೆರಿಕದ ಕಪ್ಪು ಕಲಾವಿದರದ್ದು ನೂರಕ್ಕೆ 2.2. ಪತ್ರಿಕೆಗಳಲ್ಲಿ ಬರುವ ಸುದ್ದಿ ನೋಡಿದರೆ ಅರ್ಧಕ್ಕರ್ಧ ಅವರೇ ಇದ್ದಾರೆ ಅನ್ನಿಸುತ್ತದೆ. ಸುದ್ದಿ ಬೇರೆ, ಉಗ್ರಾಣ ಬೇರೆ.

ಇನ್ನು ಟಾಮ್ ಲಾಯ್ಡ್. ಬಲ್ಬು ಹಚ್ಚಿ ಆರಿಸುತ್ತಿದ್ದ ಈ ಮನುಷ್ಯ ಜಗಳಕ್ಕೆ ಹೆದರಿದವರಲ್ಲ. ಕಲಾವಿದೆ ಫೇತ್ ರಿಂಗ್‌ಗೋಲ್ಡ್ ಜೊತೆ ಸೇರಿ, ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂನಲ್ಲಿ ಕಪ್ಪು ಕಲೆಗೆ ಒಂದು ವಿಭಾಗ ಬೇಕು ಅಂತ ಹಟ ಹಿಡಿದರು. ಅದು ಆಗಲಿಲ್ಲ. 1971ರಲ್ಲಿ ಕ್ವೀನ್ಸ್‌ನಲ್ಲಿ ತಾವೇ ‘ಸ್ಟೋರ್ ಫ್ರಂಟ್ ಮ್ಯೂಸಿಯಂ’ ಕಟ್ಟಿದರು. ಅಮೂರ್ತ ಕಲೆ ಮಾಡುವವನೂ ಕೊನೆಗೆ ತನ್ನದೊಂದು ಸೂರು ಹುಡುಕಿಕೊಳ್ಳಬೇಕಾಯಿತು ಅಂದರೆ, ಬೇರೆ ಮನೆ ಬೇಡ ಅನ್ನುವವರು ಯಾರ ಪರವಾಗಿ ಮಾತಾಡುತ್ತಿದ್ದಾರೆ?

ವಿರೋಧ: ಚೀಟಿ ಓದಿ ಚಿತ್ರ ಬಿಟ್ಟರು

ಲಾಯ್ಡ್ ಕಥೆಯನ್ನು ಇನ್ನೊಂದು ಕಡೆಯಿಂದ ಹೇಳುತ್ತೇನೆ. ಬೇರೆ ಮನೆಯ ಮೊದಲ ದಿನವೇ ಅವರ ಮುಂದೆ ಬಂದ ಪ್ರಶ್ನೆ ಯಾವುದು? ಬೆಳಕು ಹೇಗಿದೆ, ಬಣ್ಣ ಹೇಗೆ ಬದಲಾಗುತ್ತದೆ ಅಂತ ಅಲ್ಲ. ಇದರಲ್ಲಿ ಕಪ್ಪು ಎಲ್ಲಿದೆ ಅಂತ. ಬಿಳಿಯರ ಮನೆಯಲ್ಲಿ ಜಾಗ ಸಿಗಲಿಲ್ಲ, ತಮ್ಮವರ ಮನೆಯಲ್ಲಿ ಗುರುತಿನ ಚೀಟಿ ಕೇಳಿದರು. ಹಣೆಪಟ್ಟಿಯ ಕಷ್ಟವೇ ಇದು. ಬಾಗಿಲು ತೆರೆಸಲು ಕಟ್ಟಿಕೊಂಡದ್ದು, ಒಳಗೆ ಹೋದ ಮೇಲೆ ಬಿಚ್ಚಲು ಬರುವುದಿಲ್ಲ.

ಸ್ಯಾಮ್ ಗಿಲಿಯಂ ಅವರಿಗೂ ಇದೇ ಪಾಡು. ಬಣ್ಣದಲ್ಲಿ ನೆನೆಸಿದ ಕ್ಯಾನ್ವಾಸನ್ನು ಚೌಕಟ್ಟಿನಿಂದ ಬಿಡಿಸಿ, ಸೀರೆ ಒಣಗಹಾಕಿದ ಹಾಗೆ ಸೂರಿನಿಂದ ಇಳಿಬಿಟ್ಟವರು. 1972ರಲ್ಲೇ ವೆನಿಸ್ ಬಿನಾಲೆ ಎಂಬ ಅಂತರರಾಷ್ಟ್ರೀಯ ಕಲಾ ಪ್ರದರ್ಶನದಲ್ಲಿ ಅಮೆರಿಕದ ಪರವಾಗಿ ಕೆಲಸ ತೋರಿಸಿದವರು. ಹೋರಾಟ ಇಷ್ಟು ಬಿಸಿಯಾಗಿರುವಾಗ ಇವನು ಬಟ್ಟೆ ಮಡಚುತ್ತಾ ಕೂತಿದ್ದಾನಲ್ಲ ಅನ್ನುವ ಧಾಟಿಯ ಮಾತು ಅವರ ಬೆನ್ನು ಬಿಡಲಿಲ್ಲ.

ಅಮೆರಿಕದ ಕಲಾವಿದೆ ಏಡ್ರಿಯನ್ ಪೈಪರ್ ಇದನ್ನು ಕಡ್ಡಿ ಮುರಿದಂತೆ ಹೇಳಿದರು. 2012ರಲ್ಲಿ, ತಮ್ಮ 64ನೇ ಹುಟ್ಟುಹಬ್ಬಕ್ಕೆ, ‘ಕಪ್ಪಾಗಿರುವ ಕೆಲಸದಿಂದ ನಿವೃತ್ತಿ’ ಅಂತ ಘೋಷಿಸಿಬಿಟ್ಟರು. ತಮಾಷೆ ಅಂದುಕೊಂಡವರಿಗೆ ಮುಂದಿನ ವರ್ಷ ಅದರ ಬಿಸಿ ತಟ್ಟಿತು. ನ್ಯೂಯಾರ್ಕಿನಲ್ಲಿ ಕಪ್ಪು ಕಲಾವಿದರ ಪರ್ಫಾರ್ಮೆನ್ಸ್ ಕಲೆಯ ಪ್ರದರ್ಶನ ನಡೆಯುತ್ತಿತ್ತು. ಮಾಡಿದ್ದು ವ್ಯಾಲರಿ ಕ್ಯಾಸಲ್ ಆಲಿವರ್, ಅವರೂ ಕಪ್ಪು ಕ್ಯುರೇಟರೇ. ಅದರಿಂದ ನನ್ನ ವಿಡಿಯೋ ತೆಗೆಯಿರಿ ಅಂದರು ಪೈಪರ್. ತೆಗೆದರು. ನಮ್ಮನ್ನು ಎಲ್ಲ ಜನಾಂಗದವರ ಜೊತೆ ಸೇರಿಸಿ ಇಡಿ, ಆಗ ಕೆಲಸಕ್ಕೆ ಕೆಲಸ ತೂಗಿ ನೋಡಬಹುದು ಅನ್ನುವುದು ಅವರ ವಾದ. ಇಲ್ಲಿ ಸೌಟು ನಮ್ಮವರ ಕೈಯಲ್ಲೇ ಇತ್ತು, ನೋಡಿ. ಆದರೂ ಊಟ ಬೇಡ ಅಂದರು.

1989ರಲ್ಲಿ ಲಂಡನ್ನಿನ ಹೇವರ್ಡ್ ಗ್ಯಾಲರಿಯಲ್ಲಿ ಪಾಕಿಸ್ತಾನ ಮೂಲದ ರಶೀದ್ ಅರಾಯೀನ್ ಆಫ್ರಿಕ, ಏಷ್ಯಾ, ಕೆರಿಬಿಯನ್ ಮೂಲದ ಬ್ರಿಟಿಷ್ ಕಲಾವಿದರನ್ನು ಒಟ್ಟು ಸೇರಿಸಿದಾಗಲೂ ಶಿಲ್ಪಿ ಅನೀಶ್ ಕಪೂರ್ ಬರಲು ಒಪ್ಪಲಿಲ್ಲ. ಅವರಿಗೇನು, ದೊಡ್ಡ ಗ್ಯಾಲರಿಗಳ ಬಾಗಿಲು ತೆರೆದಿತ್ತು ಅನ್ನಬಹುದು. ಆ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ.

ಸ್ಟುಡಿಯೋ ಮ್ಯೂಸಿಯಂನ ಒಳಗಿನವರೇ ಹಣೆಪಟ್ಟಿ ಸಡಿಲಿಸಲು ನೋಡಿದ್ದೂ ಇದೆ. 2001ರಲ್ಲಿ ಥೆಲ್ಮಾ ಗೋಲ್ಡನ್ 28 ಹೊಸ ಕಲಾವಿದರ ಪ್ರದರ್ಶನ ಮಾಡಿ, ಇವರು ‘ಕಪ್ಪಿನ ಆಚೆಗಿನವರು’ ಅಂದರು. ಕಪ್ಪು ಅಂದರೇನು ಅಂತ ಆಳವಾಗಿ ಕೆದಕುವವರು, ಆದರೆ ‘ಕಪ್ಪು ಕಲಾವಿದ’ ಅನ್ನಿಸಿಕೊಳ್ಳಲು ಒಲ್ಲದವರು. ಪಾಪ, ಆ ಮಾತೇ ಮುಂದೆ ಇನ್ನೊಂದು ಹಣೆಪಟ್ಟಿ ಆಯಿತು.

ಇದೆಲ್ಲದರ ಮೇಲೆ ದುಡ್ಡು ಬಂತು. ಅಮೆರಿಕದ ಕಪ್ಪು ಚಿತ್ರಕಾರ ಕೆರಿ ಜೇಮ್ಸ್ ಮಾರ್ಷಲ್ 1997ರಲ್ಲಿ ಒಂದು ದೊಡ್ಡ ಚಿತ್ರ ಮಾಡಿದರು. ಕೆರೆ ದಂಡೆಯಲ್ಲಿ ಕಪ್ಪು ಕುಟುಂಬ, ಬಿಳಿ ಬಟ್ಟೆ, ಚೌಕುಳಿ ಜಮಖಾನ, ಗಾಲ್ಫ್, ನೀರಿನಲ್ಲಿ ಮೋಟಾರ್ ದೋಣಿ. ಷಿಕಾಗೋದ ಒಂದು ಸರ್ಕಾರಿ ಸಂಸ್ಥೆ ಅದನ್ನು 25,000 ಡಾಲರ್‌ಗೆ ಕೊಂಡು ಸಮಾವೇಶ ಭವನದಲ್ಲಿ ತೂಗುಹಾಕಿತು. 2018ರ ಮೇ ತಿಂಗಳಲ್ಲಿ ಹರಾಜಿಗಿಟ್ಟಾಗ 2 ಕೋಟಿ 11 ಲಕ್ಷ ಡಾಲರ್. ಅಮೆರಿಕದಲ್ಲಿ ಮರುಮಾರಾಟದ ದುಡ್ಡಿನಲ್ಲಿ ಕಲಾವಿದನಿಗೆ ಪಾಲು ಕೊಡಬೇಕೆಂಬ ಕಾನೂನು ಇಲ್ಲ. ಆಮೇಲೆ ಕಪ್ಪು ಮುಖ ಇರುವ ಚಿತ್ರ ಅಂದರೆ ಖರೀದಿದಾರರು ಮುಗಿಬಿದ್ದರು. ಹೋರಾಟಗಾರರು ಕಟ್ಟಿದ ಹಣೆಪಟ್ಟಿಯನ್ನು ಅಂಗಡಿಯವರು ಬ್ರ್ಯಾಂಡ್ ಮಾಡಿಕೊಂಡರು. ಮುಖ ಬರೆಯದೆ ಸುಮ್ನೆ ಬಣ್ಣ ಸುರಿಯುವ ಕಪ್ಪು ಹುಡುಗಿಗೆ ಈ ಸಂತೆಯಲ್ಲಿ ಜಾಗ ಎಲ್ಲಿದೆ?

ಕೊನೆಗೆ ನಮ್ಮ ಮನೆ ಹತ್ತಿರದ ಮಾತು. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಹಳೇ ಸೀರೆ, ಅಂಗಿ ತುಂಡು ಸೇರಿಸಿ ಕೌದಿ ಹೊಲಿಯುತ್ತಾರೆ. ಇವರ ಹಿರಿಯರು ಆಫ್ರಿಕದಿಂದ ಬಂದವರು. ಒಂದು ಮೂಲೆಯಿಂದ ಶುರು ಮಾಡಿ, ಅಂಚಿನ ಗುಂಟ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುವ ಹೊಲಿಗೆ. ನಾಲ್ಕೂ ಮೂಲೆಗೆ ಬಟ್ಟೆಯನ್ನು ಮಡಚಿ ಮಡಚಿ ತ್ರಿಕೋನ ಮಾಡಿ ಕೂರಿಸುತ್ತಾರೆ. ಅದನ್ನು ಫೂಲ, ಅಂದರೆ ಹೂ ಅನ್ನುತ್ತಾರೆ. ಅದಿಲ್ಲದೆ ಕೌದಿ ಮುಗಿದ ಹಾಗಲ್ಲ. ಹೆನ್ರಿ ಡ್ರೂವಲ್ ಎಂಬ ಅಮೆರಿಕನ್ ಕಲಾ ಇತಿಹಾಸಕಾರರು ಈ ಕೌದಿಗಳನ್ನು ಅಲ್ಲಿಗೆ ಒಯ್ದು, ಭಾರತದ ಆಫ್ರಿಕನ್ನರ ಕೌದಿ ಅಂತ ಪ್ರದರ್ಶನ ಮಾಡಿದರು. ಹೊಲಿದವರಿಗೆ ಹೆಸರು ಬಂತು, ಕಾಸೂ ಬಂತು. ಅದನ್ನು ನಾನು ಹಗುರ ಮಾಡುವುದಿಲ್ಲ. ಆ ಚೀಟಿ ಇಲ್ಲದಿದ್ದರೆ ಅವನ್ನು ಯಾರೂ ಗೋಡೆಗೆ ಏರಿಸುತ್ತಿರಲಿಲ್ಲ ಅನ್ನುವುದೂ ನಿಜ ಇರಬಹುದು.

ಆದರೆ ನಮ್ಮಜ್ಜಿಯೂ ಕೌದಿ ಹೊಲಿಯುತ್ತಿದ್ದಳು. ಅದೇ ಹಳೇ ಸೀರೆ, ಅದೇ ಓಡುಹೊಲಿಗೆ, ಅದೇ ಮಧ್ಯಾಹ್ನದ ಹೊತ್ತು. ಮೂಲೆಗೆ ಮಾತ್ರ ಹೂವಿಲ್ಲ, ಸುಮ್ನೆ ಮಡಚಿ ಹೊಲಿದು ಬಿಡುತ್ತಿದ್ದಳು. ಆಫ್ರಿಕ ಅಂತ ಬರೆದ ಚೀಟಿ ಓದಿದ ಮೇಲೆ ನೋಡುವವರು ಕೌದಿಯಲ್ಲಿ ಬರೀ ಆಫ್ರಿಕ ಹುಡುಕುತ್ತಾರೆ. ಪಕ್ಕದ ಊರಿನ ಅಜ್ಜಿಯ ಸೂಜಿ ಅವರಿಗೆ ಕಾಣುವುದಿಲ್ಲ. ಎರಡೂ ಕೌದಿಯನ್ನು ಒಂದೇ ಗೋಡೆಗೆ, ಪಕ್ಕಪಕ್ಕ ತೂಗುಹಾಕಿ. ಚೀಟಿ ಬೇಡ. ಹತ್ತಿರ ಹೋಗಿ ಮೂಲೆ ಮುಟ್ಟಿ ನೋಡಿದವರಿಗೆ ಸಿದ್ದಿಯವರ ಕೌದಿ ಯಾವುದು ಅಂತ ತಾನಾಗೇ ಗೊತ್ತಾಗುತ್ತದೆ.