ಮೇಷ್ಟ್ರು ತೀರಿಕೊಂಡಾಗ ಬರೆಯಬೇಕಾದ ಎರಡು ಪುಟ

"ಸರಳ ಸಜ್ಜನಿಕೆಯ ಸಾಕಾರಮೂರ್ತಿ, ಅಜಾತಶತ್ರು, ಸಾವಿರಾರು ಮಕ್ಕಳ ಬಾಳಿಗೆ ಬೆಳಕಾದವರು." ಸಣ್ಣ ಊರಲ್ಲಿ ನಿವೃತ್ತ ಮೇಷ್ಟ್ರೊಬ್ಬರು ತೀರಿಕೊಂಡರೆ ಫ್ಲೆಕ್ಸಲ್ಲೂ ಇದೇ, ವಾಟ್ಸಾಪಲ್ಲೂ ಇದೇ, ನುಡಿನಮನದ ಮೈಕಲ್ಲೂ ಇದೇ. ಹೆಸರು ಬದಲಿಸಿದರೆ ಪಕ್ಕದೂರಿನ ಮೇಷ್ಟ್ರಿಗೂ ಸಲ್ಲುತ್ತದೆ. ಮೂವತ್ತೈದು ವರ್ಷ ಒಂದೇ ಸೀಮೆಯಲ್ಲಿ ಪಾಠ ಹೇಳಿದವರಿಗೆ ಇಷ್ಟೇನಾ ಅನ್ನೋದು ನನ್ನ ತಕರಾರು. ಹಾರ, ಶಾಲು, ಫ್ಲೆಕ್ಸಿನ ಖರ್ಚಲ್ಲಿ ಅರ್ಧ ಉಳಿಸಿ, ಹಳೆ ವಿದ್ಯಾರ್ಥಿಗಳಲ್ಲಿ ಇಬ್ಬರು ನಾಲ್ಕು ದಿನ ಓಡಾಡಿದರೆ ಅವರ ಬದುಕನ್ನು ಎರಡು ಪುಟದಲ್ಲಿ ನೆಟ್ಟಗೆ ಬರೆದಿಡಬಹುದು.

ಮೊದಲ ಎಡವಟ್ಟು ಹುಟ್ಟಿದ ದಿನದಲ್ಲೇ. ಆ ತಲೆಮಾರಿನವರ ದಾಖಲೆ ನೋಡಿ, ಜೂನ್ 1 ಅಂತ ಎಷ್ಟು ಜನರದ್ದಿರುತ್ತದೆ! ಶಾಲೆಗೆ ಸೇರಿಸಿಕೊಳ್ಳುವಾಗ ಹೆಡ್‌ಮಾಸ್ತರರು ವಯಸ್ಸಿನ ಲೆಕ್ಕ ಹಾಕಿ ಬರೆದುಕೊಂಡ ತಾರೀಖು ಅದು. ನಿಜವಾದದ್ದು ಮನೆಯವರ ಬಾಯಲ್ಲಿರುತ್ತದೆ: "ಗೌರಿ ಹಬ್ಬದ ಹಿಂದಿನ ದಿನ" ಅನ್ನೋ ಥರ. ಎರಡನ್ನೂ ಬರೆಯಿರಿ, ಯಾವುದು ದಾಖಲೆಯದ್ದು ಅಂತ ಹೇಳಿ. ತಿಂಗಳ ಒಂದನೇ ತಾರೀಖು ಹುಟ್ಟಿದ ನೌಕರ ಹಿಂದಿನ ತಿಂಗಳ ಕೊನೇ ದಿನ ನಿವೃತ್ತನಾಗಬೇಕು. ಹಾಗಾಗಿ ಜೂನ್ 1ರವರು ಮೇ 31ಕ್ಕೆ ಮನೆಗೆ, ಶಾಲೆ ಸರಿಯಾಗಿ ಶುರುವಾಗುವ ಮುಂಚೆಯೇ. ಎಷ್ಟೋ ಮೇಷ್ಟ್ರುಗಳ ಕೊನೆಯ ನಿಜವಾದ ಪಾಠ ಆ ವರ್ಷದ ಮಾರ್ಚಿನಲ್ಲೇ ಮುಗಿದಿರುತ್ತದೆ. ನಿವೃತ್ತಿ ವಯಸ್ಸು 58 ಇದ್ದದ್ದು 60 ಆಗಿದ್ದು 2008ರಲ್ಲಿ. ಅದಕ್ಕೂ ಮೊದಲು ನಿವೃತ್ತರಾದವರಿಗೆ "60ರವರೆಗೆ ಸೇವೆ ಸಲ್ಲಿಸಿ" ಅಂತ ಬರೆದರೆ ಸುಳ್ಳು.

ವರ್ಗಾವಣೆಯ ಸರಪಳಿ ನೆನಪಿಗೆ ಬಿಟ್ಟರೆ ತಪ್ಪುತ್ತದೆ. ಮನೆಯ ಟ್ರಂಕಿನಲ್ಲಿ ಆದೇಶದ ಪ್ರತಿಗಳಿರುತ್ತವೆ, ಪಿಂಚಣಿ ಕಾಗದಗಳ ಜೊತೆ. ಅದೂ ಇಲ್ಲದಿದ್ದರೆ ಅವರು ಕೆಲಸ ಮಾಡಿದ ಶಾಲೆಗಳಲ್ಲಿ ಹಳೆಯ ಶಿಕ್ಷಕರ ಹಾಜರಿ ಪುಸ್ತಕ ತೋರಿಸಿ ಅಂತ ಈಗಿನ ಮುಖ್ಯೋಪಾಧ್ಯಾಯರನ್ನು ಕೇಳಿ. ಗೆದ್ದಲು ಹಿಡಿಯದಿದ್ದರೆ ಸಿಗುತ್ತದೆ. ಜಿಲ್ಲೆಯ ಹೆಸರೂ ಜೋಪಾನ: ಉಡುಪಿ, ಹಾವೇರಿ, ಗದಗ, ಬಾಗಲಕೋಟೆ, ಕೊಪ್ಪಳ, ದಾವಣಗೆರೆ, ಚಾಮರಾಜನಗರ ಜಿಲ್ಲೆಗಳಾದದ್ದು 1997ರಲ್ಲಿ. 1985ರಲ್ಲಿ ಹಾವೇರಿಯ ಶಾಲೆಗೆ ಸೇರಿದವರು ಸೇರಿದ್ದು ಧಾರವಾಡ ಜಿಲ್ಲೆಗೆ.

ಶಿಷ್ಯರ ನೆನಪೂ ಹಾಗೇ, ಇಸವಿಗಳನ್ನು ಕಲಸಿಬಿಡುತ್ತದೆ. "ಎಂಬತ್ತರಲ್ಲಿ ಸರ್ ನಿಂತು ಬಿಸಿಯೂಟ ಬಡಿಸ್ತಿದ್ರು" ಅಂದರೆ ತಡೆದು ಕೇಳಿ. ಸರ್ಕಾರದ ಬಿಸಿಯೂಟದ ಯೋಜನೆ ಅಕ್ಷರ ದಾಸೋಹ ಬಂದದ್ದು 2002ರಲ್ಲಿ, ಮೊದಲು ಈಶಾನ್ಯದ ಜಿಲ್ಲೆಗಳಿಗೆ, ಆಮೇಲೆ ಇಡೀ ರಾಜ್ಯಕ್ಕೆ. ಎಂಬತ್ತರದ್ದಾದರೆ ಅದು ಕೇರ್ ಅನ್ನೋ ವಿದೇಶಿ ನೆರವು ಸಂಸ್ಥೆಯ ಉಪ್ಪಿಟ್ಟು ಇರಬಹುದು. ಎಂಟನೇ ಕ್ಲಾಸಿನವರಿಗೆ ಸರ್ಕಾರಿ ಸೈಕಲ್ ಬಂದದ್ದು 2006-07ರಲ್ಲಿ. "ಜನಗಣತಿಗೆ ಮನೆಮನೆಗೆ ಬಂದಿದ್ರು" ಅಂದರೆ 1981, 1991, 2001, 2011, ಈ ನಾಲ್ಕರಲ್ಲಿ ಒಂದು. ಇಂಥ ಮೊಳೆಗಳಿಗೆ ನೆನಪನ್ನು ತಗುಲಿಹಾಕಿದರೆ ಇಸವಿ ತಾನಾಗೇ ಕೂರುತ್ತದೆ.

ಇನ್ನು ಮುಖ್ಯವಾದದ್ದು, ಪಾಠ. "ಸರ್ ಹೇಗಿದ್ರು?" ಅಂತ ಕೇಳಿದರೆ "ದೇವರಂಥೋರು" ಅನ್ನುತ್ತಾರೆ, ಮಾತು ಅಲ್ಲಿಗೇ ಮುಗಿಯಿತು. "ಭಾಗಾಕಾರ ಹೇಗೆ ಹೇಳಿಕೊಟ್ರು?" ಅಂತ ಕೇಳಿ. ಆಗ ಒಬ್ಬರಾದರೂ ಹೇಳುತ್ತಾರೆ: ಇಪ್ಪತ್ಮೂರು ಹುಣಸೆಬೀಜ ಎಣಿಸಿ ಕೈಗೆ ಕೊಟ್ಟು, ಐದೈದರ ಗುಂಪು ಮಾಡು ಅಂತಿದ್ದರು, ನಾಲ್ಕು ಗುಂಪಾಗಿ ಮೂರು ಬೀಜ ಮಿಕ್ಕಾಗ "ಇದೇ ಕಣೋ ಶೇಷ" ಅಂದು, ಆಮೇಲಷ್ಟೇ ಬೋರ್ಡಿನ ಮೇಲೆ ಲೆಕ್ಕ ಬರೆಯುತ್ತಿದ್ದರು. ಎರಡು ಪುಟ ನಿಲ್ಲುವುದು ಇಂಥ ಮಾತಿನ ಮೇಲೆ. ಕಾಪಿ ತಿದ್ದುವಾಗ ಯಾವ ಅಕ್ಷರಕ್ಕೆ ಗುರುತು ಹಾಕುತ್ತಿದ್ದರು, ಒಬ್ಬರೇ ನಾಲ್ಕು ಕ್ಲಾಸು ನೋಡುವಾಗ ಯಾರಿಗೆ ಏನು ಕೆಲಸ ಕೊಟ್ಟು ಎತ್ತ ಹೋಗುತ್ತಿದ್ದರು, ಹೊಡೆಯುತ್ತಿದ್ದರಾ. ಹೌದು, ಅದನ್ನೂ ಕೇಳಿ. ಕೈಯೆತ್ತುತ್ತಿದ್ದರೆ ಹಾಗಂತಲೇ ಬರೆಯಿರಿ. ಮುಚ್ಚಿಟ್ಟರೆ ಓದುವ ಶಿಷ್ಯರೇ ಮೊದಲು ನಗುತ್ತಾರೆ.

ಮನೆಯ ಕಡೆ ಕೇಳಬೇಕಾದವರು ಅಮ್ಮಾವ್ರು, ಅಂದರೆ ಮೇಷ್ಟ್ರ ಹೆಂಡತಿ. ಹನ್ನೊಂದು, ಹದಿಮೂರರ ಕಾರ್ಯ ಮುಗಿಯುವವರೆಗೆ ಬೇಡ, ಮನೆ ತುಂಬಾ ನೆಂಟರು. ಆಮೇಲೊಂದು ಮಧ್ಯಾಹ್ನ ಹೋಗಿ. ಫೋನ್ ಏರೋಪ್ಲೇನ್ ಮೋಡಿಗೆ ಹಾಕಿ, ಅವರಿಂದ ಒಂದು ಗೇಣು ದೂರದಲ್ಲಿಟ್ಟು ರೆಕಾರ್ಡ್ ಮಾಡಿ. ಫ್ಯಾನ್ ಕೆಳಗೆ ಕೂತರೆ ಗಾಳಿಯ ಸದ್ದೇ ಮಾತಿಗಿಂತ ಜೋರಾಗಿ ಬರುತ್ತದೆ. ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ದಣಿಸಬೇಡಿ. ಮಗನೋ ಅಳಿಯನೋ ಪಕ್ಕದಲ್ಲಿ ಕೂತರೆ ಅವರೇ ಉತ್ತರ ಕೊಡುತ್ತಾರೆ, ಅಮ್ಮಾವ್ರು ತಲೆಯಾಡಿಸಿ ಸುಮ್ಮನಾಗುತ್ತಾರೆ. ಮಗಳನ್ನೋ ಸೊಸೆಯನ್ನೋ ಕೂರಿಸಿಕೊಳ್ಳಿ. ಸಂಬಳ ಬಂದ ದಿನ ಮೊದಲು ಯಾವ ಅಂಗಡಿ ಸಾಲ ತೀರಿಸುತ್ತಿದ್ದರು, ಹಬ್ಬದ ಮುಂಗಡ ಯಾವುದಕ್ಕೆ ಹೋಗುತ್ತಿತ್ತು, ಮಗಳ ಮದುವೆಗೆ ಜಿಪಿಎಫ್ (ಸಂಬಳದಲ್ಲಿ ಹಿಡಿದ ಭವಿಷ್ಯನಿಧಿ) ತೆಗೆದರಾ, ಮನೆಯಲ್ಲಿ ಯಾವ ಅಡುಗೆ ಅವರ ಕೈದು. ಸಂಸಾರಸ್ಥನ ಚಿತ್ರ ಇದರಲ್ಲಿ ಬರುತ್ತದೆ, "ಆದರ್ಶ ಪತಿ"ಯಲ್ಲಿ ಬರುವುದಿಲ್ಲ.

ಹೋದ ಕಡೆ ಕಾಗದದ ಕೆಲಸಕ್ಕೂ ಕೈ ಹಾಕಿ, ನೆನಪಿನ ಕೆಲಸಕ್ಕಿಂತ ಇದು ತುರ್ತು. ಮರಣ ನೋಂದಣಿಗೆ 21 ದಿನದ ಗಡುವು, ದಾಟಿದರೆ ದಂಡ, ಅನುಮತಿ ಅಂತ ಅಲೆದಾಟ. ಬ್ಯಾಂಕಿಗೆ ಕೂಡಲೇ ತಿಳಿಸಬೇಕು; ತೀರಿಕೊಂಡ ಮೇಲೂ ಬಂದು ಬಿದ್ದ ಪಿಂಚಣಿಯನ್ನು ವಾಪಸ್ ಕಟ್ಟಿಸಿಕೊಳ್ಳುತ್ತಾರೆ. ಕುಟುಂಬ ಪಿಂಚಣಿಗೆ ಅಡ್ಡ ಬರುವುದು ಸಾಮಾನ್ಯವಾಗಿ ಹೆಸರು. ಪಿಂಚಣಿ ಮಂಜೂರಾತಿ ಆದೇಶದಲ್ಲಿ (ಪಿಪಿಒ) ಲಕ್ಷ್ಮಮ್ಮ, ಆಧಾರಿನಲ್ಲಿ ಲಕ್ಷ್ಮೀದೇವಮ್ಮ ಅಂತಿದ್ದರೆ ಇಬ್ಬರೂ ಒಬ್ಬರೇ ಅಂತ ಅಫಿಡವಿಟ್ ಮಾಡಿಸಿಕೊಂಡು ಹೋಗಿ, ಒಂದು ಸುತ್ತು ತಪ್ಪುತ್ತದೆ.

ಫೋಟೋ ವಿಷಯ ಚುಟುಕಾಗಿ: ಬೀಳ್ಕೊಡುಗೆಯ ಗ್ರೂಪ್ ಫೋಟೋವನ್ನು ಗಾಜಿನ ಸಮೇತ ಮೊಬೈಲಲ್ಲಿ ಹೊಡೆದರೆ ಟ್ಯೂಬ್‌ಲೈಟ್ ಮುಖದ ಮೇಲೆ ಕೂರುತ್ತದೆ. ಫ್ರೇಮಿನಿಂದ ತೆಗೆಸಿ 600 ಡಿಪಿಐಗೆ ಸ್ಕ್ಯಾನ್ ಮಾಡಿಸಿ, ಸಾಲುಸಾಲಾಗಿ ಎಡದಿಂದ ಹೆಸರು ಬರೆಸಿ. ಹೆಸರು ಹೇಳಬಲ್ಲವರೂ ವರ್ಷವರ್ಷಕ್ಕೆ ಕಮ್ಮಿಯಾಗುತ್ತಾರೆ.

ನುಡಿನಮನದಲ್ಲಿ ತಲಾ ಮೂರು ನಿಮಿಷ ಸಾಕು. ಬರೆದುಕೊಂಡು ಬಂದರೆ ಮುನ್ನೂರು ಪದದ ಒಳಗೆ. ಶಾಸಕರಿಗಾಗಿ ಕಾಯಬೇಡಿ, ಅವರು ಬಂದಾಗ ಬರಲಿ.

ಕೊನೆಗೆ ದತ್ತಿ, ಅಂದರೆ ಮೇಷ್ಟ್ರ ಹೆಸರಲ್ಲಿ ವರ್ಷವರ್ಷ ಬಹುಮಾನ ಕೊಡಲು ಶಾಲೆಯಲ್ಲಿಡುವ ಹಣ. ಎಲ್ಲರೂ ಉತ್ಸಾಹದಲ್ಲಿ ಹತ್ತು ಸಾವಿರ ಇಟ್ಟು ಬರುತ್ತಾರೆ. ಶೇ. 6.5ರ ಬಡ್ಡಿಯಲ್ಲಿ ವರ್ಷಕ್ಕೆ 650 ರೂಪಾಯಿ, ಅದರಲ್ಲಿ ಪ್ರಶಸ್ತಿಪತ್ರದ ಫ್ರೇಮಿಗೇ ಕಾಲು ಭಾಗ. 50,000 ಇಟ್ಟರೆ 3,250. 2,500 ಬಹುಮಾನಕ್ಕೆ, 750 ಮತ್ತೆ ಅಸಲಿಗೆ, ಹಾಗೆ ಮಾಡಿದರೆ ಬೆಲೆ ಏರಿದರೂ ಸ್ವಲ್ಪ ತಡೆಯುತ್ತದೆ. ಹೆಡ್‌ಮಾಸ್ತರರ ಒಬ್ಬರ ಸಹಿಯಲ್ಲಿ ಖಾತೆ ತೆರೆದರೆ ಅವರಿಗೆ ವರ್ಗವಾದ ವರ್ಷವೇ ಬಹುಮಾನ ನಿಲ್ಲುತ್ತದೆ. ಎರಡು ವರ್ಷ ವ್ಯವಹಾರವಿಲ್ಲದಿದ್ದರೆ ಖಾತೆ ನಿಷ್ಕ್ರಿಯ, ಹತ್ತು ವರ್ಷ ಯಾರೂ ಕೇಳದಿದ್ದರೆ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ. ವಾಪಸ್ ಪಡೆಯಬಹುದು, ಆದರೆ ಓಡಾಡುವವರು ಯಾರು? ಜಂಟಿ ಸಹಿ ಇರಲಿ, ಒಬ್ಬರು ಊರಲ್ಲೇ ಇರುವ ಹಳೆ ವಿದ್ಯಾರ್ಥಿಯಾಗಿರಲಿ. ಬಹುಮಾನ ಎಸ್ಸೆಸ್ಸೆಲ್ಸಿ ಮೊದಲ ಸ್ಥಾನಕ್ಕೆ ಬೇಡ, ಆ ಮಗುವಿಗೆ ಆಗಲೇ ನಾಲ್ಕು ಬಂದಿರುತ್ತವೆ. ಮೇಷ್ಟ್ರು ಗಣಿತದವರಾದರೆ ಅರ್ಧವಾರ್ಷಿಕದಿಂದ ವಾರ್ಷಿಕಕ್ಕೆ ಗಣಿತದಲ್ಲಿ ಹೆಚ್ಚು ಮೇಲೆ ಬಂದ ಮಗುವಿಗೆ ಅಂತ ನಿಬಂಧನೆಯಲ್ಲಿ ಬರೆಯಿರಿ. ಅದರ ಮೂರು ಪ್ರತಿ ಮಾಡಿಸಿ: ಶಾಲೆಯ ಕಡತಕ್ಕೊಂದು, ಪಾಸ್‌ಬುಕ್ಕಿನ ಜೊತೆಗೊಂದು, ಅಮ್ಮಾವ್ರ ಕೈಗೊಂದು.