ಎಣ್ಣೆ ಬದಲಿಸುವ ಹಕ್ಕು

ಅಮೆರಿಕದಲ್ಲಿ ಮೂವರು ಗೆಳೆಯರ ಜೊತೆ ಸೇರಿ ಹಳೆಯದೊಂದು ಸೆಸ್ನಾ 172 ವಿಮಾನದಲ್ಲಿ ಪಾಲು ಕೊಂಡ ಹೊಸತು. ಎಂಜಿನ್ ಎಣ್ಣೆ ಬದಲಿಸಬೇಕಿತ್ತು. ಮೆಕ್ಯಾನಿಕ್‌ನನ್ನು ಕೇಳಿದರೆ ಆತ ಸ್ಪ್ಯಾನರನ್ನು ನನ್ನ ಕೈಗೇ ಕೊಟ್ಟು, "ನಿಮ್ಮ ವಿಮಾನ, ನೀವೇ ಮಾಡಿ" ಎಂದ. ತಮಾಷೆಯೆಂದುಕೊಂಡೆ. ಇಲ್ಲಿನ ವಿಮಾನಯಾನ ನಿಯಮಗಳ 43ನೇ ಭಾಗದ ಅನುಬಂಧದಲ್ಲಿ ನಿಜಕ್ಕೂ ಒಂದು ಪಟ್ಟಿಯಿದೆ: ಎಣ್ಣೆ, ಟೈರು, ಬ್ಯಾಟರಿ, ಸ್ಪಾರ್ಕ್ ಪ್ಲಗ್. ಪೈಲಟ್ ಲೈಸೆನ್ಸ್ ಇರುವ ಮಾಲೀಕ ಇವನ್ನೆಲ್ಲ ತಾನೇ ಮಾಡಬಹುದು. ಮಾಡಿದ ಕೆಲಸ, ದಿನಾಂಕ, ಲೈಸೆನ್ಸ್ ಸಂಖ್ಯೆ ಬರೆದು ಲಾಗ್ ಪುಸ್ತಕದಲ್ಲಿ ಸಹಿ ಹಾಕಿದರೆ ಮುಗಿಯಿತು.

ಮುದ್ರೆಯಿಲ್ಲದೆ, ಮೇಲಿನವರ ಒಪ್ಪಿಗೆಯಿಲ್ಲದೆ ಕಾಗದವೊಂದು ಪೂರ್ಣವಾಗುವುದನ್ನು ಕಂಡವನಲ್ಲ ನಾನು. ಸಹಿ ಹಾಕುವಾಗ ಕೈ ಸ್ವಲ್ಪ ನಡುಗಿತು.

ಭಾರತದಲ್ಲಿ ಇಂಥದೇ ಚಿಕ್ಕ ವಿಮಾನ ಇಟ್ಟುಕೊಂಡಿರುವ ಗೆಳೆಯನಿಗೆ ವಿಮಾನಕ್ಕಿಂತ ಅದರ ಕಡತವೇ ಭಾರ. ವಿಮಾನಯಾನ ನಿಯಂತ್ರಕರಾದ ಡಿಜಿಸಿಎಯ ಮಾನ್ಯತೆಯಿರುವ ಸಂಸ್ಥೆ, ಪರವಾನಗಿಯುಳ್ಳ ಎಂಜಿನಿಯರ್, ಹಾರಾಟ ಯೋಗ್ಯತೆಯ ಮರುಪರಿಶೀಲನೆ, ಒಂದೊಂದಕ್ಕೂ ಶುಲ್ಕ, ಒಂದೊಂದಕ್ಕೂ ಕಾಯುವಿಕೆ. ಒಮ್ಮೆ ಗೇಜ್ ಒಂದು ಕೆಟ್ಟಿತು. ಹೊಸದು ಬಂತು, ಜೊತೆಗೆ ಬಂದ ಪ್ರಮಾಣಪತ್ರದಲ್ಲಿ ಒಂದು ಅಂಕಿ ತಪ್ಪಾಗಿತ್ತು. ಎರಡು ತಿಂಗಳು ವಿಮಾನ ಮೇಲೇಳಲಿಲ್ಲ.

ನಿಂತ ವಿಮಾನಕ್ಕೂ ಹ್ಯಾಂಗರ್ ಬಾಡಿಗೆ, ವಿಮೆ ತಪ್ಪುವುದಿಲ್ಲ. ಅದಾದರೂ ಕಣ್ಣಿಗೆ ಕಾಣುವ ಖರ್ಚು. ನಮ್ಮಿಬ್ಬರದೂ ಲೈಕಮಿಂಗ್ ಕಂಪನಿಯ ಎಂಜಿನ್. ಅದರಲ್ಲಿ ಕವಾಟಗಳನ್ನು ತೆರೆಯುವ ದಂಡ, ಕ್ಯಾಮ್‌ಶಾಫ್ಟ್, ಮೇಲ್ಭಾಗದಲ್ಲಿರುತ್ತದೆ. ವಾರಗಟ್ಟಲೆ ಹಾರದಿದ್ದರೆ ಎಣ್ಣೆಯೆಲ್ಲ ಕೆಳಗಿಳಿದು, ಅದು ತೇವಕ್ಕೆ ಮೈಯೊಡ್ಡಿಕೊಂಡು ತುಕ್ಕು ಹಿಡಿಯುತ್ತದೆ. ಸುರಕ್ಷತೆಗೆಂದು ತಡೆದ ಕಾಗದ ಎಂಜಿನ್ನನ್ನೇ ತಿನ್ನುತ್ತದೆ. ಈ ನಷ್ಟ ಯಾವ ಕಚೇರಿಯ ಲೆಕ್ಕದಲ್ಲೂ ಬರುವುದಿಲ್ಲ.

ಇಲ್ಲಿ ನಮ್ಮ ಎಂಜಿನ್ನಿನ 2,000 ಗಂಟೆಗಳ ಓವರ್‌ಹಾಲ್ ಗಡುವು, ಅಂದರೆ ಪೂರ್ತಿ ಬಿಚ್ಚಿ ಹೊಸದಾಗಿ ಜೋಡಿಸಬೇಕೆಂಬ ಗಡುವು ಕೂಡ, ಖಾಸಗಿ ಮಾಲೀಕನ ಮಟ್ಟಿಗೆ ತಯಾರಕರ ಸಲಹೆ ಅಷ್ಟೇ. ಫಿಲ್ಟರ್ ಕತ್ತರಿಸಿ ಲೋಹದ ಚೂರಿದೆಯೇ ಎಂದು ನೋಡಿ, ಸಿಲಿಂಡರ್‌ಗಳನ್ನು ಪರೀಕ್ಷಿಸಿ, ಆರೋಗ್ಯವಾಗಿದ್ದರೆ ಮುಂದುವರಿಸಬಹುದು. ದೊಡ್ಡ ವಿಮಾನಗಳಿಗೆ ಹೊಲಿದ ಅಂಗಿಯನ್ನು ಚಿಕ್ಕವಕ್ಕೂ ತೊಡಿಸಿದ್ದ ಯೂರೋಪಿನವರೇ ಮಾಲೀಕರ ಗೋಳು ಕೇಳಿ ಕೇಳಿ 2020ರಲ್ಲಿ ಹಗುರವಾದ ಬೇರೆ ನಿಯಮ ತಂದರು.

ಇಷ್ಟು ಹೊಗಳಿದ ಮೇಲೆ ನಮ್ಮ ವಾರ್ಷಿಕ ತಪಾಸಣೆಯ ಬಿಲ್ಲನ್ನೂ ಹೇಳಬೇಕಲ್ಲ. ಅದಕ್ಕೆ ಇಲ್ಲೂ ಅಧಿಕೃತ ತಪಾಸಕನ ಸಹಿಯೇ ಬೇಕು, ಮತ್ತು ಒಂದು ಮುಚ್ಚಳ ತೆಗೆದರೆ ಮೂರು ಖರ್ಚು ಹೊರಬರುತ್ತದೆ. ಬಿಲ್ಲಿನಲ್ಲಿ "ಆಸನದ ಹಳಿ ಪರಿಶೀಲನೆ" ಎಂಬ ಸಾಲು ಕಂಡು ಶಪಿಸಿದ್ದೆ. ಮೇಲೇರುವ ಹೊತ್ತಿಗೆ ಆಸನ ಹಿಂದಕ್ಕೆ ಜಾರಿ, ಪೈಲಟ್ ಹಿಡಿದ ಚುಕ್ಕಾಣಿಯೂ ಜೊತೆಗೇ ಎಳೆದುಬಂದು ಜನ ಸತ್ತಿದ್ದಾರೆ; ಹಳಿಯನ್ನು ನೋಡಲೇಬೇಕೆಂಬ ಕಡ್ಡಾಯ ಆದೇಶ ಹುಟ್ಟಿದ್ದು ಹಾಗೆ. ಆಸನ ಜಾರದಂತೆ ಕೀಲು ಕೂರುವ ನಮ್ಮ ಹಳಿಯ ರಂಧ್ರಗಳು ಸವೆದು ಮೊಟ್ಟೆಯಾಕಾರವಾಗಿದ್ದವು. ಸುಮ್ಮನೆ ದುಡ್ಡು ಕೊಟ್ಟೆ.

ಆ ಮೊದಲ ದಿನದ ಕಥೆಯೂ ಸಹಿಗೆ ಮುಗಿದಿರಲಿಲ್ಲ. ಇಣುಕಿ ನೋಡಿದ ಮೆಕ್ಯಾನಿಕ್, ಎಣ್ಣೆ ಫಿಲ್ಟರ್ ತಿರುಗಿ ಸಡಿಲವಾಗದಿರಲೆಂದು ನಾನು ಕಟ್ಟಿದ್ದ ತಂತಿಯನ್ನು ಮಾತಿಲ್ಲದೆ ಕತ್ತರಿಸಿ ಹಾಕಿದ. ಬಿಗಿಯುವ ಕಡೆಗೆ ಎಳೆಯಬೇಕಾದ ತಂತಿಯನ್ನು ಸಡಿಲಿಸುವ ಕಡೆಗೆ ಕಟ್ಟಿದ್ದೆ. ಗೆಳೆಯನಿಗೆ ಫೋನ್ ಮಾಡಿದಾಗಲೆಲ್ಲ ಇಲ್ಲಿನ ಸ್ವಾತಂತ್ರ್ಯವನ್ನು ಬಣ್ಣಿಸುತ್ತೇನೆ. ತಂತಿಯ ವಿಷಯವನ್ನು ಇನ್ನೂ ಹೇಳಿಲ್ಲ.