ಸತ್ಯಾಂಶ: ಹಬಲ್ ದೂರದರ್ಶಕ ಸ್ವರ್ಗದ ಫೋಟೊ ತೆಗೆದಿಲ್ಲ

ಕಪ್ಪು ಆಕಾಶದ ನಡುವೆ ಹೊಳೆಯುವ ಬಿಳಿ ನಗರ. ಕೆಳಗೆ, 'ನಾಸಾ ಮುಚ್ಚಿಟ್ಟ ಸ್ವರ್ಗದ ಫೋಟೊ, ಎಲ್ಲರಿಗೂ ಕಳಿಸಿ' ಎಂಬ ಒಕ್ಕಣೆ. ವಾಟ್ಸ್‌ಆ್ಯಪ್‌ನಲ್ಲಿ ಸುತ್ತುವ ಈ ಸುದ್ದಿ ಸುಳ್ಳು. ಹಳಸಿದ್ದು ಕೂಡ.

1994ರಲ್ಲಿ ಅಮೆರಿಕದ 'ವೀಕ್ಲಿ ವರ್ಲ್ಡ್ ನ್ಯೂಸ್' ಎಂಬ ಟ್ಯಾಬ್ಲಾಯ್ಡ್ ಇದನ್ನು ಅಚ್ಚು ಹಾಕಿತ್ತು. ಕಟ್ಟುಕತೆಯೇ ಆ ಪತ್ರಿಕೆಯ ಬಂಡವಾಳ. ಅದಕ್ಕೆ ತುಸು ಮುಂಚೆ, 1993ರ ಡಿಸೆಂಬರ್‌ನಲ್ಲಿ, ಗಗನಯಾತ್ರಿಗಳು ಭೂಮಿಯನ್ನು ಸುತ್ತುವ ನಾಸಾದ ಹಬಲ್ ದೂರದರ್ಶಕದ ಮಸುಕು ನೋಟವನ್ನು ಕನ್ನಡಕ ತೊಡಿಸಿದಂತೆ ಸರಿಪಡಿಸಿದ್ದರು. ಆ ನಿಜದ ಬಾಲ ಹಿಡಿದು ಸುಳ್ಳು ಹೊರಟಿತು.

ನನಗೆ ಇದಕ್ಕಿಂತ ದೊಡ್ಡ ತಪ್ಪಾಗಿ ಕಾಣುವುದು ಬೇರೆ: ಸ್ವರ್ಗವನ್ನು ದೂರದ ಆಕಾಶದಲ್ಲಿ ಹುಡುಕುವುದು. ಕ್ರೈಸ್ತರ ನಿರೀಕ್ಷೆಯ ನಗರ ಬೈಬಲಿನ 'ಪ್ರಕಟನೆ' ಪುಸ್ತಕದ 21ನೇ ಅಧ್ಯಾಯದಲ್ಲಿದೆ. ಉದ್ದ, ಅಗಲ, ಎತ್ತರ ಎಲ್ಲ ಸಮ. ಒಂದೊಂದೂ 12,000 ಸ್ತಾದ್ಯ, ಅಂದರೆ ಸುಮಾರು 2,200 ಕಿ.ಮೀ. ಹನ್ನೆರಡು ಬಾಗಿಲು, ಒಂದನ್ನೂ ಮುಚ್ಚುವುದಿಲ್ಲ. (ಇವು ಸಾಂಕೇತಿಕ ಅಳತೆಗಳು ಎನ್ನುವ ವ್ಯಾಖ್ಯಾನಕಾರರೇ ಹೆಚ್ಚು.) ಆದರೆ ಆ ನಗರ ದೂರದ ನಕ್ಷತ್ರಗಳ ಆಚೆ ನಿಂತಿರುವುದಿಲ್ಲ, ಕೆಳಗೆ ಇಳಿದು ಬರುತ್ತದೆ. ದೇವರೇ ಮನುಷ್ಯರ ನಡುವೆ ಮನೆ ಮಾಡಿ, ಅವರ ಕಣ್ಣೀರನ್ನು ಒರೆಸುತ್ತಾನೆ. ಯೋಹಾನನ ಸುವಾರ್ತೆಯಲ್ಲಿ ಯೇಸು ಮಾತಾಡುವುದೂ ತಂದೆಯ ಮನೆಯ ಬಿಡಾರಗಳ ಬಗ್ಗೆ, ಶಿಷ್ಯರು ಕಳವಳದಲ್ಲಿದ್ದ ರಾತ್ರಿ. ಆ ಮಾತಿಗೆ ದೂರದರ್ಶಕದ ಸಾಕ್ಷಿಯನ್ನು ಅವರಲ್ಲಿ ಯಾರೂ ಕೇಳಿರಲಿಲ್ಲ.